ಅಂಗಿಯ ಬಣ್ಣ ಕೇಳುವ ಮನೆ

ಆ ದಿನ ಮನೆಯಲ್ಲಿ ಅವರೆಕಾಯಿ ಇತ್ತು. ಬೆಳಗಿನ ಬಿಸಿಲು ಜಗಲಿಯ ಅರ್ಧದವರೆಗೆ ಬಂದ ಹೊತ್ತಿಗೆ ನನ್ನ ಯಜಮಾನರು ಹಳೆಯ ಪೇಪರು ಹಾಸಿ, ಕಾಯಿ ಸುರಿದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮೊದಲು ಕಣ್ಣಿಗೆ ಡ್ರಾಪ್ಸು, ಆಮೇಲೆ ಕಾಯಿ ಸುಲಿಯುವುದು. ನನ್ನ ಎಡಗಣ್ಣಿನ ಪೊರೆ ತೆಗೆಯುವ ಆಪರೇಷನ್ ಆ ವಾರವೇ ಇತ್ತು. ಅದಕ್ಕೆ ಮುಂಚೆ ಹಾಕಿಕೊಳ್ಳಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದ ಡ್ರಾಪ್ಸು ಅಂದು ಶುರುವಾಗಿತ್ತು.

"ಮೇಲೆ ನೋಡು. ನನ್ನ ನೋಡ್ಬೇಡ, ಸೂರು ನೋಡು," ಎಂದರು.

"ನಿಮ್ಮನ್ನ ನೋಡಿದ್ರೂ ಏನ್ ಕಾಣತ್ತೆ ನಂಗೆ? ಬರೀ ಮಂಜು."

"ಒಳ್ಳೇದೇ ಆಯ್ತು ಬಿಡು. ಚೆನ್ನಾಗಿ ಕಂಡಿದ್ರೆ ಇಷ್ಟು ವರ್ಷ ನನ್ ಜೊತೆ ಇರ್ತಿದ್ಯಾ?"

ಕೆಳರೆಪ್ಪೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಎಳೆದು, ಅಲ್ಲಿ ಆಗುವ ಪುಟ್ಟ ಜೇಬಿನೊಳಗೆ ಒಂದು ಹನಿ ಬಿಟ್ಟರು. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರು. ಕೆನ್ನೆಗೆ ಏನೂ ಇಳಿಯಲಿಲ್ಲ. ಅವರ ಕೈಯೇ ಹಾಗೆ. ಮೊದಲು ಅವರ ಅಜ್ಜಿಗೆ, ಆಮೇಲೆ ಅವರ ತಾಯಿಗೆ ಹಾಕಿ ಪಳಗಿದ ಕೈ.

ಮಧ್ಯಾಹ್ನ ಊಟ ಮಾಡಿ ಯಲಹಂಕಕ್ಕೆ ಹೋದರು. ಬರುವಾಗ ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ನಾನು ನೋಡುವ ಮುಂಚೆಯೇ ಅದನ್ನು ಬೀರುವಿನ ಮೇಲಿನ ಅರೆಗೆ ತಳ್ಳಿ ಬಾಗಿಲು ಹಾಕಿದರು.

"ಏನ್ರೀ ಅದು?"

"ಅಂಗಿ. ನೀನು ಮುಟ್ಟಂಗಿಲ್ಲ. ಪಟ್ಟಿ ಬಿಚ್ಚೋ ದಿನ ಹಾಕ್ಕೊಂಡು ಎದುರಿಗೆ ನಿಲ್ತೀನಿ. ಬಣ್ಣ ಹೇಳ್ಬೇಕು."

"ಅದಕ್ಕೆ ಕಣ್ಣು ಯಾಕೆ ಬೇಕು? ಬಿಳಿ. ಈ ಹತ್ತು ವರ್ಷದಲ್ಲಿ ಬೇರೆ ಏನ್ ಹಾಕಿದೀರಿ ನೀವು?"

"ನೋಡ್ತಿರು," ಎಂದು ನಕ್ಕರು.

ಸಂಜೆ ಹಿತಕಿದ ಬೇಳೆ ಸಾರು ಮಾಡಿದೆ. ಮುದ್ದೆಯ ಜೊತೆ ಎರಡು ಸಲ ಹಾಕಿಸಿಕೊಂಡರು. ಉಪ್ಪು ಮುಂದು ಎಂದರು. ಅಷ್ಟೇ ಆ ದಿನ.

ಮಾರನೆಯ ಬೆಳಿಗ್ಗೆ ಹಾಲು ತರಲು ಹೋದವರು, ಹಾಲಿನ ಬೂತಿನ ಪಕ್ಕದ ಕಟ್ಟೆಯ ಮೇಲೆ ಸುಸ್ತು ಎಂದು ಕೂತರಂತೆ. ಕೂತವರು ಏಳಲಿಲ್ಲ. ಎದೆಯದು ಎಂದರು ಆಸ್ಪತ್ರೆಯವರು. ಬೂತಿನಾತ ಹಾಲಿನ ಪ್ಯಾಕೆಟ್ಟುಗಳನ್ನು ಮನೆಗೆ ತಂದುಕೊಟ್ಟಾಗ ಅವು ಇನ್ನೂ ತಣ್ಣಗಿದ್ದವು.

ಆಪರೇಷನ್ ನಿಂತಿತು. ಡ್ರಾಪ್ಸಿನ ಸೀಸೆ ಫ್ರಿಜ್ಜಿನ ಬಾಗಿಲಿನಲ್ಲಿ ಉಳಿಯಿತು. ಕವರು ಬೀರುವಿನಲ್ಲಿ ಉಳಿಯಿತು.

ಅಂಗಿಯ ಬಣ್ಣ ಕೇಳುವುದು ನಮ್ಮ ಮನೆಯ ಪದ್ಧತಿ. ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ. ಇದು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಅಜ್ಜಿಯಿಂದ ಶುರು ಮಾಡಬೇಕು. ಅಜ್ಜಿ ಎಂದರೆ ಯಜಮಾನರ ತಂದೆಯ ತಾಯಿ. ನಾನು ಮದುವೆಯಾಗಿ ಯಲಹಂಕದ ಪಕ್ಕದ ಈ ಕೋಗಿಲಿಗೆ ಬಂದಾಗ ಮನೆಯ ಹಿಂದೆ ಕಲ್ಲು ಕಂಬ ನಿಲ್ಲಿಸಿ, ತಂತಿ ಎಳೆದು, ನೀಲಿ ದ್ರಾಕ್ಷಿಯ ಚಪ್ಪರ ಹಾಕಿದ್ದರು. ಅಜ್ಜಿ ಆ ಚಪ್ಪರದ ನೆರಳಲ್ಲಿ ಕೂತಿರುತ್ತಿದ್ದರು. ಬಲಿತ ನೀಲಿ ದ್ರಾಕ್ಷಿಯ ಮೇಲೆ ಬೂದಿಯ ಹಾಗೆ ಒಂದು ಪುಡಿ ಇರುತ್ತದೆ, ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಅಜ್ಜಿಯ ಎರಡು ಕಣ್ಣುಗಳ ಕಪ್ಪಿನ ಒಳಗೂ ಹಾಗೇ ಬೂದಿ ಬಣ್ಣ ಕೂತಿತ್ತು. ಹೊಸ ಸೊಸೆ ನಾನು, ಮೊದಲ ಸಲ ನೋಡಿ ಹೆದರಿದ್ದೆ.

"ಪೊರೆ ಕಣವ್ವಾ," ಎಂದರು ಅಜ್ಜಿ. "ಇನ್ನೂ ಅಣ್ಣಾಗಿಲ್ಲ ಅಂದವ್ರೆ. ಅಣ್ಣಾದ್ಮೇಲೆ ಕೀಳ್ತಾರೆ."

ಹಣ್ಣಾಗುವುದು ಎಂದರೆ ಪೂರ್ತಿ ಬಲಿಯುವುದು. ಆಗಿನ ಕಾಲದ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ಪೊರೆ ಬಲಿತು, ಕಣ್ಣು ಪೂರ್ತಿ ಮಬ್ಬಾಗುವವರೆಗೆ ಅದಕ್ಕೆ ಕೈ ಹಾಕುತ್ತಿರಲಿಲ್ಲ. ದ್ರಾಕ್ಷಿ ಬೆಳೆಯುವ ಮನೆಗೆ ಇದು ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ಹುಳಿ ಇದ್ದಾಗ ಗೊನೆ ಕತ್ತರಿಸಿದರೆ ಮನೆಯ ಹಿರಿಯರು ಬೈಯುತ್ತಿದ್ದರು. ಕಾಯಲು ಎಲ್ಲರಿಗೂ ಬರುತ್ತಿತ್ತು. ಅಜ್ಜಿಯ ಕಣ್ಣನ್ನೂ ಹಾಗೇ ಕಾದರು.

ಆ ಕಾಯುವ ದಿನಗಳಲ್ಲೇ ಅಜ್ಜಿ ತಮ್ಮ ತಂದೆಯ ಕಥೆ ಹೇಳಿದ್ದು. ಅವರ ಕಾಲದಲ್ಲಿ ಪೊರೆ ತೆಗೆಯುತ್ತಲೇ ಇರಲಿಲ್ಲ, ಕೆಳಕ್ಕೆ ನೂಕುತ್ತಿದ್ದರು. ಊರೂರು ತಿರುಗುತ್ತಾ ಒಬ್ಬ ಸೂಜಿಯವನು ಬರುತ್ತಿದ್ದನಂತೆ. ರೋಗಿಯನ್ನು ಸೂರ್ಯನಿಗೆ ಎದುರಾಗಿ ಕೂರಿಸಿ, ಹಿಂದಿನಿಂದ ಇಬ್ಬರು ತಲೆ ಹಿಡಿದುಕೊಂಡರೆ, ಇವನು ಕಣ್ಣಿನ ಬಿಳಿಯ ಕಡೆಯಿಂದ ಸೂಜಿ ತೂರಿಸಿ ಪೊರೆಯನ್ನು ಒತ್ತಿ ಒಳಕ್ಕೆ ಬೀಳಿಸುತ್ತಿದ್ದ. ಮುಂದೆ ಅಡ್ಡ ಇದ್ದದ್ದು ಸರಿದರೆ ಬೆಳಕು ಒಳಗೆ ಬರುತ್ತದೆ. ಅಜ್ಜಿಯ ತಂದೆಗೂ ಬಂತು. ಸೂಜಿಯವನು ಬೆರಳೆತ್ತಿ ಎಷ್ಟು ಎಂದು ಕೇಳಿದ. ಮೂರು ಎಂದರು ಅವರು. ಸುತ್ತ ನಿಂತವರೆಲ್ಲ ಹೋ ಎಂದರು. ಕಣ್ಣಿಗೆ ಬಟ್ಟೆ ಕಟ್ಟಿ, ರಾಗಿಯನ್ನೂ ಒಂದು ಹುಂಜವನ್ನೂ ತೆಗೆದುಕೊಂಡು ಅವನು ಮುಂದಿನ ಊರಿಗೆ ಹೋದ. ಆ ಬಟ್ಟೆ ಬಿಚ್ಚುವ ಹೊತ್ತಿಗೆ ಕಣ್ಣು ಕೆಂಪಾಗಿ ಕೀವು ತುಂಬಿತ್ತು. ಆಮೇಲೆ ಬತ್ತಿಹೋಯಿತು.

"ಆ ಕಣ್ಣಾಗೆ ನಮ್ಮಪ್ಪ ಕಡೇದಾಗಿ ನೋಡಿದ್ದು ಅವ್ನ ಮೂರು ಬೆಳ್ಳು," ಎನ್ನುತ್ತಿದ್ದರು ಅಜ್ಜಿ. "ಮಗ್ಳು ಮಕ ಅಲ್ಲ, ಎಂಡ್ತಿ ಮಕ ಅಲ್ಲ. ಬೆಳ್ಳು."

ಅಜ್ಜಿಯ ಪೊರೆ ಹಣ್ಣಾಯಿತು ಎಂದು ಡಾಕ್ಟರು ಹೇಳಿದ ಮೇಲೆ ಪೇಟೆಯ ಸರ್ಕಾರಿ ಕಣ್ಣಾಸ್ಪತ್ರೆಗೆ ಸೇರಿಸಿದರು. ಜೊತೆಗೆ ಉಳಿದವರು ನನ್ನ ಯಜಮಾನರು. ನಾನು ದಿನಾ ಯಲಹಂಕದಿಂದ ಬಸ್ಸು ಹತ್ತಿ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಆಗಿನ ಆಪರೇಷನ್ನಿನಲ್ಲಿ ಕಣ್ಣಿನ ಮುಂಭಾಗವನ್ನು ಅರ್ಧದಷ್ಟು ಬಿಡಿಸಿ, ಪೊರೆಯನ್ನು ಅದರ ಚೀಲದ ಸಮೇತ ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ತುದಿ ಮಂಜಿನ ಹಾಗೆ ತಣ್ಣಗಾಗುವ ಒಂದು ಕಡ್ಡಿಯನ್ನು ಮುಟ್ಟಿಸಿದರೆ ಪೊರೆ ಅದಕ್ಕೆ ಅಂಟಿಕೊಂಡು ಬರುತ್ತದೆ ಎಂದು ಅಲ್ಲಿನ ನರ್ಸು ಹೇಳಿದರು. ಆಮೇಲೆ ಹೊಲಿಗೆ. ಹೊಲಿಗೆ ಬಿಚ್ಚಿಕೊಳ್ಳಬಾರದೆಂದು ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸಿದ್ದರು. ಎರಡು ಕಣ್ಣಿಗೂ ಪಟ್ಟಿ. ಹೊರಳುವಂತಿಲ್ಲ, ಕೆಮ್ಮುವಂತಿಲ್ಲ, ಸೀನುವಂತಿಲ್ಲ.

ಅಜ್ಜಿ ನಶ್ಯ ಹಾಕುವವರು. ನಶ್ಯದ ಡಬ್ಬಿಯನ್ನು ಯಜಮಾನರು ಮೊದಲ ದಿನವೇ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು.

"ಒಂದ್ ಚಿಟಿಕೆ ಕೊಡ್ಲಾ ಮಗಾ. ಸೀನಲ್ಲ, ಸುಮ್ಕೆ ವಾಸ್ನೆ ನೋಡ್ತೀನಿ."

"ಸೀನಿದ್ರೆ ಕಣ್ಣು ಮಂಚದ ಕೆಳಗೆ ಬೀಳತ್ತಂತೆ. ಹುಡುಕೋಕೆ ನನ್ ಕೈಲಾಗಲ್ಲ."

"ನಿಮ್ಮಪ್ಪನ್ನ ಸಾಕ್ದೋಳು ಕಣ್ಲಾ ನಾನು!"

"ಅವ್ರನ್ನೇ ಕೇಳು ಹೋಗು, ಕೊಡ್ತಾರೆ," ಎನ್ನುವರು ಇವರು. ಮಲಗಿದಲ್ಲೇ ಅಜ್ಜಿಗೆ ನಗು ಬರುತ್ತಿತ್ತು, ನರ್ಸು ನಗಬಾರದು ಎಂದು ಗದರುತ್ತಿದ್ದರು.

ಪಟ್ಟಿ ಬಿಚ್ಚಿದ ದಿನ ನಾನೂ ಇದ್ದೆ. ದೊಡ್ಡ ಡಾಕ್ಟರು ಬಂದು, ಪಟ್ಟಿ ತೆಗೆಸಿ, ಬೆರಳೆತ್ತಿ ಎಷ್ಟು ಎಂದು ಕೇಳಿದರು. ಅಜ್ಜಿ ಕಣ್ಣು ಮುಚ್ಚಿಬಿಟ್ಟರು.

"ಬೆಳ್ಳು ಇಳ್ಸಪ್ಪಾ. ನಾನ್ ನೋಡಾಕಿಲ್ಲ."

"ಯಾಕಜ್ಜಿ?"

"ಬೆಳ್ಳು ಎಷ್ಟಿದ್ರೂ ಐದ್ರೊಳ್ಗೆ ತಾನೆ? ಕುಲ್ಡನೂ ಊಹೆ ಮಾಡ್ತಾನೆ. ನನ್ ಮೊಮ್ಮಗನ್ನ ಕರಿ. ಅವ್ನ ಅಂಗಿ ಬಣ್ಣ ಕೇಳು."

ಯಜಮಾನರು ಎದುರಿಗೆ ಬಂದು ನಿಂತರು. ಅಜ್ಜಿ ಕಣ್ಣು ತೆರೆದರು. ತುಂಬ ಹೊತ್ತು ನೋಡಿದರು. "ಅಳ್ದಿ," ಎಂದರು. ಅರಿಸಿನದ ಬಣ್ಣ. ಸರಿಯಾಗಿತ್ತು. ಆದರೆ ಡಾಕ್ಟರು ತಮಾಷೆಯವರು. "ಇವನು ಬಂದ ದಿನದಿಂದ ಇದೇ ಅಂಗಿಯಲ್ಲಿದ್ದಾನಲ್ಲ ಅಜ್ಜಿ, ಯಾರೋ ಮೊದಲೇ ಹೇಳಿರಬೇಕು," ಎಂದರು. ಅಜ್ಜಿಗೆ ಅವಮಾನವಾಯಿತು. ಮೊಮ್ಮಗನನ್ನು ಹೊರಗೆ ಅಟ್ಟಿದರು. ಇವರು ಪಕ್ಕದ ವಾರ್ಡಿನಲ್ಲಿ ಯಾರನ್ನೋ ಕಾಡಿ ಅಂಗಿ ಬದಲಾಯಿಸಿಕೊಂಡು, ಎರಡು ಸೈಜು ದೊಡ್ಡದಾದ ಒಂದು ಕೆಂಪಂಗಿಯಲ್ಲಿ ಬಂದರು. ಅಜ್ಜಿ ನೋಡಿದರು. "ಕೆಂಪು. ಯಾರ್ದ್ಲಾ ಅದು, ಗೋಣೀಚೀಲ ಇದ್ದಂಗದೆ." ಇಡೀ ವಾರ್ಡು ನಕ್ಕಿತು. ನಮ್ಮ ಮನೆಯ ಪದ್ಧತಿ ಹುಟ್ಟಿದ್ದು ಹೀಗೆ. ಅಂಗಿ ಮೊದಲೇ ನೋಡಿದ್ದಾಗಿರಬಾರದು, ಹಾಕಿಕೊಂಡು ನಿಲ್ಲುವವರು ನನ್ನ ಯಜಮಾನರೇ ಆಗಿರಬೇಕು.

ಆಗ ಕಣ್ಣಿನ ಒಳಗೆ ಲೆನ್ಸು ಕೂರಿಸುವುದು ಆ ಆಸ್ಪತ್ರೆಯಲ್ಲಿ ಬಂದಿರಲಿಲ್ಲ. ಒಳಗಿದ್ದದ್ದನ್ನು ತೆಗೆದ ಮೇಲೆ ಅದರ ಕೆಲಸವನ್ನು ಹೊರಗಿನ ಕನ್ನಡಕ ಮಾಡಬೇಕಿತ್ತು. ಸೋಡಾಬುಡ್ಡಿಯ ತಳದಷ್ಟು ದಪ್ಪದ ಗಾಜು. ಅದನ್ನು ಹಾಕಿಕೊಂಡರೆ ಅಜ್ಜಿಯ ಕಣ್ಣು ಹಸುವಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅವರಿಗೂ ಎಲ್ಲ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತು. ನೀರಿನ ಲೋಟಕ್ಕೆ ಕೈ ಚಾಚಿದರೆ ಕೈ ಲೋಟಕ್ಕಿಂತ ಮುಂಚೆಯೇ ಗಾಳಿಯಲ್ಲಿ ಮುಚ್ಚಿಕೊಳ್ಳುತ್ತಿತ್ತು. ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಬಾಗಿದೆ ಎನ್ನುತ್ತಿದ್ದರು. ಪಕ್ಕದಿಂದ ಬರುವ ಕೋಳಿ ಕಾಣುತ್ತಲೇ ಇರಲಿಲ್ಲ, ಇದ್ದಕ್ಕಿದ್ದಂತೆ ಎದುರಿಗೆ ಹಾರಿಬಂದಂತಾಗಿ ಬೆಚ್ಚುತ್ತಿದ್ದರು. ಆದರೂ ಸಾಯುವವರೆಗೆ ಆ ಕನ್ನಡಕ ಬಿಡಲಿಲ್ಲ. ಯಜಮಾನರು ಚಪ್ಪರದ ಕೆಳಗೆ ಕೂರಿಸಿಕೊಂಡು ಡ್ರಾಪ್ಸು ಹಾಕುವುದು ಕಲಿತದ್ದು ಆ ಕಣ್ಣಿಗೆ. ದ್ರಾಕ್ಷಿಯ ಮೇಲಿನ ಬೂದಿ ಅಳಿಸದ ಹಾಗೆ ಗೊನೆ ಹಿಡಿಯುವ ಕೈಗೆ ಅದು ಬೇಗ ಬಂತು.

ಅತ್ತೆಯ ಸರದಿ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಯಲಹಂಕದ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಹಾಕಿದ್ದರು. ಒಳಗೇ ಲೆನ್ಸು ಹಾಕುತ್ತಾರೆ, ದಪ್ಪ ಕನ್ನಡಕ ಬೇಡ ಎಂದು ಹೇಳಿದ್ದರು. ಅತ್ತೆ ನಂಬಲಿಲ್ಲ.

"ಒಳ್ಗಡೆ ಗಾಜು ಇಟ್ರೆ ಜಾರ್ಕೊಂಡು ಬಿದ್ದೋಗಲ್ವೇನ್ಲಾ?"

ಯಜಮಾನರು ಬುಟ್ಟಿಯಿಂದ ಒಂದು ದ್ರಾಕ್ಷಿ ತೆಗೆದು, ತುದಿಯಲ್ಲಿ ಉಗುರಿನಿಂದ ಸೀಳಿ ಒತ್ತಿದರು. ನಮ್ಮ ಕಡೆಯ ನೀಲಿ ದ್ರಾಕ್ಷಿಯ ಗುಣ ಅದು, ಒತ್ತಿದರೆ ತಿರುಳು ಗುಂಡಗೆ ಜಾರಿ ಹೊರಗೆ ಬರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. "ನೋಡು. ಅಜ್ಜೀಗೆ ಸಿಪ್ಪೆ ಸಮೇತ ಕಿತ್ರು. ನಿಂಗೆ ಸಿಪ್ಪೆ ಹಂಗೇ ಬಿಟ್ಟು ತಿರುಳು ಮಾತ್ರ ತೆಗೀತಾರೆ. ಖಾಲಿ ಸಿಪ್ಪೆ ಒಳಗೆ ಗಾಜಿನ ತಿರುಳು ಇಡ್ತಾರೆ. ಎಲ್ಲಿಗೆ ಜಾರತ್ತೆ?" ಎಂದು, ತಿರುಳನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಕ್ಯಾಂಪಿನ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಸಿಪ್ಪೆ ಎನ್ನುವ ಕಡೆ ಚೀಲ ಎಂದರು, ಗಾಜಲ್ಲ ಪ್ಲಾಸ್ಟಿಕ್ಕು ಎಂದು ತಿದ್ದಿದರು, ಅಷ್ಟೇ.

ಅತ್ತೆಗೆ ಹೊಲಿಗೆ ಇತ್ತು. ಮರಳಿನ ಚೀಲ ಇರಲಿಲ್ಲ. ಒಂದೇ ಕಣ್ಣಿಗೆ ಪಟ್ಟಿ. ಮಾರನೆಯ ದಿನ ಶಾಲೆಯ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಬಿಚ್ಚಿದರು. ಯಜಮಾನರು ಹೊಸ ಅಂಗಿಯಲ್ಲಿ ಎದುರಿಗೆ ನಿಂತರು. ಅತ್ತೆ ಸಿಟ್ಟಾದರು.

"ಚೌಕುಳಿ ಹಾಕ್ಕೊಂಡು ಬಂದು ನಿಂತವ್ನೆ, ಯಾವ್ ಬಣ್ಣ ಅಂತ ಏಳ್ಲಿ ನಾನು? ಹಸ್ರೂ ಅದೆ, ಕೆಂಪೂ ಅದೆ, ಅದ್ರ ನಡ್ವೆ ಬಿಳಿ ಗೆರೆನೂ ಅದೆ!"

ಬೆಂಚಿನಲ್ಲಿದ್ದ ಮಿಕ್ಕವರೆಲ್ಲ ತಮ್ಮ ಒಂದೊಂದು ಹೊಸ ಕಣ್ಣಿನಿಂದ ಯಜಮಾನರ ಅಂಗಿ ನೋಡತೊಡಗಿದರು. ಬಿಳಿ ಗೆರೆ ಹೌದು, ಅಲ್ಲ ಹಳದಿ ಎಂದು ಅವರವರಲ್ಲೇ ವಾದ ಬಂತು.

ಕೆಲವು ವರ್ಷದ ಮೇಲೆ ಅತ್ತೆಗೆ ಅದೇ ಕಣ್ಣು ಮತ್ತೆ ಮಬ್ಬಾಯಿತು. ಪೊರೆ ಮತ್ತೆ ಚಿಗುರಿತು ಎಂದು ಅಳುತ್ತಾ ಕೂತರು. ಚಿಗುರಿರಲಿಲ್ಲ. ಬಿಟ್ಟ ಸಿಪ್ಪೆಯೇ ಮಸುಕಾಗಿತ್ತು. ಲೇಸರಿನಿಂದ ಅದರ ನಡುವೆ ಒಂದು ಕಿಂಡಿ ಮಾಡಿದರು. ಕೂತ ಕುರ್ಚಿಯಲ್ಲೇ, ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಪಟ್ಟಿಯೇ ಇಲ್ಲ. ಅತ್ತೆ ಎದ್ದು ಮಗನ ಕಡೆ ನೋಡಿ, "ಅಂಗಿ ತಂದಿಲ್ವೇನ್ಲಾ?" ಎಂದು ಕೇಳಿದರು. ಇವರು ಹಳೆಯ ಅಂಗಿಯಲ್ಲೇ ಹೋಗಿದ್ದರು. ಅದನ್ನು ಅತ್ತೆ ಬಹಳ ದಿನ ಆಡಿಕೊಂಡರು.

ಇನ್ನು ನನ್ನ ಕಣ್ಣು. ಅದಕ್ಕೆ ಮುಂಚೆ ಒಂದು ಸೀರೆಯ ವಿಷಯ ಹೇಳಬೇಕು. ಮದುವೆಯಾದ ಮೊದಲ ಗೌರಿ ಹಬ್ಬಕ್ಕೆ ಯಜಮಾನರು ನನಗೊಂದು ಸೀರೆ ತಂದರು. ಅಂಗಡಿಯವರು ರಾಮಾ ಗ್ರೀನ್ ಎನ್ನುವ ಬಣ್ಣ, ಹಸಿರೂ ನೀಲಿಯೂ ಬೆರೆತದ್ದು. ನಾನು ಹಸಿರು ಸೀರೆ ಚೆನ್ನಾಗಿದೆ ಎಂದೆ. ಇವರು, ಹಸಿರು ಎಲ್ಲಿದೆ, ನಾನು ತಂದದ್ದು ನೀಲಿ ಎಂದರು. ಅಲ್ಲಿಂದ ಶುರುವಾದ ಜಗಳ ನಿಲ್ಲಲೇ ಇಲ್ಲ. ಪ್ರತಿ ಹಬ್ಬಕ್ಕೂ "ಆ ನೀಲಿ ಸೀರೆ ಉಟ್ಕೋ" ಎನ್ನುವರು. "ನನ್ನತ್ರ ನೀಲಿ ಸೀರೆ ಯಾವುದೂ ಇಲ್ಲ" ಎಂದು ನಾನು ಅದನ್ನೇ ಉಟ್ಟು ಬರುವೆ. ಮಗಳು ಚಿಕ್ಕವಳಿದ್ದಾಗ ಅವಳನ್ನು ಕೇಳಿದರೆ, ಇಬ್ಬರ ಮುಖವನ್ನೂ ನೋಡಿ ಕಪ್ಪು ಎಂದುಬಿಟ್ಟಿದ್ದಳು.

ನನಗೆ ಪೊರೆ ಶುರುವಾದಾಗ ದ್ರಾಕ್ಷಿ ತೋಟ ಹೋಗಿ ಬಹಳ ವರ್ಷವಾಗಿತ್ತು. ಚಪ್ಪರ ಇದ್ದಲ್ಲಿ ಬಾಡಿಗೆ ಮನೆಗಳಿವೆ. ಒಂದು ಕಲ್ಲು ಕಂಬ ಮಾತ್ರ ಉಳಿದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆಯಾಗಿದೆ. ಹೆಬ್ಬಾಳದ ಕಡೆಯ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎರಡು ಕಣ್ಣಲ್ಲೂ ಪೊರೆ ಇದೆ, ಎಡಗಣ್ಣಲ್ಲಿ ಹೆಚ್ಚು ಎಂದರು.

"ಯಾವಾಗ ಮಾಡಿಸ್ಕೊಳ್ತೀರಾ ಅಮ್ಮಾ?"

"ಇನ್ನೂ ಹಣ್ಣಾಗಿಲ್ವಲ್ಲ," ಎಂದೆವು ನಾವಿಬ್ಬರೂ ಒಟ್ಟಿಗೆ.

ಆಕೆ ನಕ್ಕರು. ಅದೆಲ್ಲ ಹಳೆಯ ಕಾಲದ್ದು, ಇಡಿಯಾಗಿ ತೆಗೆಯುವಾಗ ಬಲಿಯುವುದನ್ನು ಕಾಯುತ್ತಿದ್ದರು, ಈಗ ಒಳಗೇ ಶಬ್ದದ ಅಲೆಯಿಂದ ಪುಡಿ ಮಾಡಿ ಹೀರಿಕೊಳ್ಳುತ್ತೇವೆ, ಬಲಿತಷ್ಟೂ ಗಟ್ಟಿಯಾಗಿ ಒಡೆಯುವುದು ಕಷ್ಟ ಎಂದು ಬಿಡಿಸಿ ಹೇಳಿದರು. ನಾವು ತಲೆಯಾಡಿಸಿದೆವು. ಆಟೋದಲ್ಲಿ ವಾಪಸು ಬರುವಾಗ ಯಜಮಾನರು, "ಪಾಪ, ಚಿಕ್ಕೋರು, ಅರ್ಜೆಂಟು ಅವರಿಗೆ. ನಮ್ ಮನೇಲಿ ಹಣ್ಣಾಗ್ದೆ ಯಾರು ಕಿತ್ತಿದಾರೆ?" ಎಂದರು. ನನಗೂ ಅದೇ ಸರಿ ಎನ್ನಿಸಿತು. ಅಜ್ಜಿ ಕಾದಿದ್ದರು, ಅತ್ತೆ ಕಾದಿದ್ದರು. ಹಾಗೆ ನಾವೂ ಕಾದೆವು. ಯಾರೂ ಕಾಯಬೇಕಿಲ್ಲದ ಕಾಲದಲ್ಲಿ, ದ್ರಾಕ್ಷಿಯೇ ಇಲ್ಲದ ಮನೆಯಲ್ಲಿ, ವರ್ಷಗಟ್ಟಲೆ ಕಾದೆವು.

ಪೊರೆ ದಿನಕ್ಕೆ ಇಷ್ಟಿಷ್ಟೇ ಬರುವುದರಿಂದ ಏನು ಹೋಗುತ್ತಿದೆ ಎಂದು ತಿಳಿಯುವುದಿಲ್ಲ. ಟೀವಿ ಮಬ್ಬಾಯಿತು, ಅದು ಟೀವಿಯ ದೋಷ ಎಂದುಕೊಂಡೆ. ಅಕ್ಕಿಯಲ್ಲಿ ಕಲ್ಲು ಕಾಣದಾಯಿತು, ಅಕ್ಕಿ ಚೆನ್ನಾಗಿದೆ ಎಂದುಕೊಂಡೆ. ಎಲ್ಲ ಬಣ್ಣದ ಮೇಲೂ ಹಳದಿ ನೀರು ಚೆಲ್ಲಿದ ಹಾಗಿತ್ತು. ಆ ಸೀರೆ ನನಗೆ ಮೊದಲಿಗಿಂತ ಹೆಚ್ಚು ಹಸಿರಾಗಿ ಕಾಣುತ್ತಿತ್ತು. "ಪೊರೆ ಬಂದೋರಿಗೆಲ್ಲ ಹಸಿರೇ ಕಾಣೋದು. ಆಪರೇಷನ್ ಆಗ್ಲಿ, ಆಗ ಒಪ್ಕೋತೀಯ ನೀಲಿ ಅಂತ," ಎನ್ನುತ್ತಿದ್ದರು ಯಜಮಾನರು. ಅವರ ಕಣ್ಣಿಗೆ ಕೊನೆಯವರೆಗೂ ಪೊರೆ ಬರಲಿಲ್ಲ. ಅವರ ಮುಖವೂ ನನಗೆ ಮಂಜಿನಲ್ಲಿ ಹೋಗುತ್ತಿತ್ತು. ಅದು ಆಗ ದೊಡ್ಡದೆನಿಸಲಿಲ್ಲ. ಎದುರಿಗೇ ಇದ್ದರಲ್ಲ. ಮಾತಿನಿಂದ, ಚಪ್ಪಲಿಯ ಸದ್ದಿನಿಂದ ಗೊತ್ತಾಗುತ್ತಿತ್ತು.

ಅವರು ಹೋದ ಮೇಲೆ ಮಗಳು ಯಶವಂತಪುರದ ತನ್ನ ಮನೆಯಿಂದ ಬಂದು ಕೆಲವು ದಿನ ಇದ್ದಳು. ಅಪ್ಪನ ಬಟ್ಟೆಗಳನ್ನು ಮಡಿಸಿ ಯಾರಿಗಾದರೂ ಕೊಡಲೆಂದು ಎತ್ತಿಡುವಾಗ ಅವಳ ಕೈಗೆ ಕವರು ಸಿಕ್ಕಿತು.

"ಅಮ್ಮ, ಹೊಸ ಅಂಗಿ ಇದ್ದಂಗಿದೆ."

"ಬಿಚ್ಚಬೇಡ. ಇದ್ದಲ್ಲೇ ಇಡು."

ಅವಳಿಗೆ ಪದ್ಧತಿ ಗೊತ್ತಿತ್ತು. ಇದ್ದ ಹಾಗೇ ಇಟ್ಟಳು.

ಆ ಅಂಗಿಯನ್ನು ಪೊರೆಯ ಕಣ್ಣಿನಿಂದ ನೋಡುವಂತಿಲ್ಲ, ಅದು ಮೋಸ. ಆಪರೇಷನ್ ಆದ ಮೇಲೆ ನೋಡಿದರೆ, ನೋಡಿದ್ದು ಮುಗಿಯಿತು. ಬಿಚ್ಚದೆ ಇರುವಷ್ಟು ದಿನ ಅವರು ನನಗೆ ಹೇಳಿದ ಒಂದು ಮಾತು ಇನ್ನೂ ಬಾಕಿ ಇತ್ತು. ಹಾಗಾಗಿ ನಾನು ಆಪರೇಷನ್ ಮುಂದಕ್ಕೆ ಹಾಕುತ್ತಾ ಬಂದೆ. ಇದನ್ನು ಯಾರಿಗೂ ಹೇಳಲಿಲ್ಲ. ವರ್ಷಾಬ್ದಿಕ ಆಗಲಿ ಎಂದೆ. ಬಿಸಿಲು ಕಡಿಮೆಯಾಗಲಿ ಎಂದೆ. ಬೇರೆ ಏನೂ ಹೊಳೆಯದಾಗ ಇನ್ನೂ ಹಣ್ಣಾಗಲಿ ಎಂದೆ.

ಮಗಳು ರೇಗಿದಳು. "ಏನ್ ಹಣ್ಣಾಗೋದಮ್ಮ? ತೋಟಾನೇ ಇಲ್ಲ, ಬಳ್ಳೀನೂ ಇಲ್ಲ. ನಿನ್ ಕಣ್ಣಲ್ಲಿ ಮಾತ್ರ ದ್ರಾಕ್ಷಿ ಬೆಳೀತಾ ಇದೀಯಾ?"

ನಾನು ನಕ್ಕುಬಿಟ್ಟೆ. ಅವರು ಹೋದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಅವಳ ಮಾತಿನ ಧಾಟಿ ಪೂರ್ತಿ ಅವಳ ಅಪ್ಪನದು.

ಒಪ್ಪಿದ್ದು ಅದರಿಂದಲೂ ಅಲ್ಲ. ಒಂದು ದಿನ ಗೋಡೆಯ ಮೇಲಿನ ಅವರ ಫೋಟೋದ ಎದುರು ನಿಂತೆ. ಹಾರ ಕಂಡಿತು, ಕಟ್ಟು ಕಂಡಿತು, ನಡುವೆ ಮುಖ ಕಾಣಲಿಲ್ಲ. ಹತ್ತಿರ ಹೋದೆ. ಗಾಜಿಗೆ ಮೂಗು ತಾಗುವಷ್ಟು ಹೋದರೂ ಬರೀ ಬೆಳ್ಳಗಿನ ಒಂದು ದುಂಡು. ಎದುರಿಗಿದ್ದಾಗ ದನಿ ಇತ್ತು. ಫೋಟೋಗೆ ದನಿ ಇಲ್ಲ. ಅಂದೇ ಮಗಳಿಗೆ ಫೋನು ಮಾಡಿ, ದಿನ ಗೊತ್ತು ಮಾಡು ಎಂದೆ.

ಆಪರೇಷನ್ನಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಸೂಜಿಯನ್ನೂ ಚುಚ್ಚಲಿಲ್ಲ, ಮರಗಟ್ಟಿಸುವ ಹನಿ ಹಾಕಿದರು. ಮೇಲೆ ಬೆಳಕು, ನೀರಿನೊಳಗಿಂದ ನೋಡಿದ ಹಾಗೆ. ಮಿಷನ್ನಿನ ಸಣ್ಣ ಸದ್ದು ಏರುತ್ತಾ ಇಳಿಯುತ್ತಾ ಇತ್ತು. "ಎಷ್ಟು ಗಟ್ಟಿ ಮಾಡ್ಕೊಂಡಿದೀರಾ ಅಮ್ಮಾ, ನಾನು ಆವತ್ತೇ ಹೇಳಿದ್ದೆ," ಎಂದು ಡಾಕ್ಟರು ಗೊಣಗಿದರು. ಹೀಗಾಗಿ ಸ್ವಲ್ಪ ಹೊತ್ತು ಹೆಚ್ಚು ಹಿಡಿಯಿತು. ಸುರುಳಿ ಸುತ್ತಿದ ಲೆನ್ಸನ್ನು ಎಳ್ಳಿನಷ್ಟಗಲದ ದಾರಿಯಲ್ಲಿ ಒಳಗೆ ತಳ್ಳಿದರೆ ಅದು ಒಳಗೆ ಹೋಗಿ ತಾನೇ ಅರಳಿಕೊಳ್ಳುತ್ತದಂತೆ. ಹೊಲಿಗೆ ಇಲ್ಲ. ಅಂಗಾತ ಮಲಗಿದ್ದಾಗ ಅಜ್ಜಿಯ ಮರಳಿನ ಚೀಲ ನೆನಪಾಯಿತು, ಅಜ್ಜಿಯ ತಂದೆಯ ತಲೆಯನ್ನು ಹಿಂದಿನಿಂದ ಹಿಡಿದುಕೊಂಡಿದ್ದ ಇಬ್ಬರೂ ನೆನಪಾದರು. ನನ್ನ ತಲೆಯನ್ನು ಯಾರೂ ಹಿಡಿದಿರಲಿಲ್ಲ. ಸಂಜೆಗೆ ಮನೆಯಲ್ಲಿದ್ದೆ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಪಟ್ಟಿ ತೆಗೆದರು. ಡಾಕ್ಟರು ಬೆರಳೆತ್ತಿದರು. ನಾನು ಅಜ್ಜಿಯ ಹಾಗೆ ಕಣ್ಣು ಮುಚ್ಚಲಿಲ್ಲ. ಎರಡು ಎಂದೆ. ಸರಿಯಿತ್ತು. ಆಮೇಲೆ ಆಕೆಯ ಕೋಟು ಎಷ್ಟು ಬೆಳ್ಳಗಿದೆ ಎಂದು ಕಂಡಿತು. ಬಿಳಿ ಹೀಗಿರುತ್ತದೆ ಎನ್ನುವುದೇ ಮರೆತಿತ್ತು.

ಮನೆಗೆ ಬಂದ ಕೂಡಲೇ ಫೋಟೋದ ಎದುರು ನಿಂತೆ. ಮುಖ ಕಂಡಿತು. ಹುಬ್ಬಿನ ಪಕ್ಕದ ಕಲೆ ಕಂಡಿತು. ಆದರೆ ಅದು ನಮ್ಮ ಮಗಳ ಮದುವೆಯಲ್ಲಿ ತೆಗೆದ ಫೋಟೋ, ಪೊರೆ ಬರುವುದಕ್ಕೆ ಮುಂಚಿನದು. ಆಮೇಲಿನ ವರ್ಷಗಳಲ್ಲಿ ಅವರ ಮುಖ ಹೇಗಾಗಿತ್ತು ಎಂದು ನನಗೆ ಗೊತ್ತಿಲ್ಲ. ಮಗಳು ತನ್ನ ಮೊಬೈಲಿನಲ್ಲಿದ್ದ ಕೆಲವನ್ನು ತೋರಿಸಿದಳು. ಅದರಲ್ಲಿದ್ದವರು ನಾನು ಎಣಿಸಿದ್ದಕ್ಕಿಂತ ಬಹಳ ಸೋತಿದ್ದರು. ಜಗಲಿಗೆ ಬಂದೆ. ಅವರ ಕುರ್ಚಿಯ ಹಿಂದಿನ ಗೋಡೆಯ ಮೇಲೆ, ತಲೆ ಒರಗಿಸುತ್ತಿದ್ದ ಜಾಗದಲ್ಲಿ, ಎಣ್ಣೆಯ ದುಂಡನೆಯ ಕಲೆ ಇತ್ತು. ಎಷ್ಟು ವರ್ಷದಿಂದ ಇತ್ತೋ, ನಾನು ಕಂಡದ್ದು ಅಂದು. ಹಬ್ಬಕ್ಕೆ ಸುಣ್ಣ ಹೊಡೆಸೋಣ ಎಂದು ಮಗಳು ಹೇಳಿದ್ದಳು. ಆ ಗೋಡೆ ಬೇಡ ಎಂದೆ.

ಕವರನ್ನು ಅಂದು ಬಿಚ್ಚಲಿಲ್ಲ. ಮಗಳು ಡ್ರಾಪ್ಸು ಹಾ‍ಕಿದಳು, ಅರ್ಧ ಕೆನ್ನೆಗೆ ಇಳಿಯಿತು.

"ಅಲ್ಲಾಡ್ಬೇಡ ಅಮ್ಮ!"

"ನಾನೆಲ್ಲಿ ಅಲ್ಲಾಡ್ದೆ? ನಿನ್ ಕೈ ಅಲ್ಲಾಡ್ತಿದೆ. ರೆಪ್ಪೆ ಎಳಿ, ಜೇಬಿನ ಒಳಗೆ ಬಿಡು. ನಿಮ್ಮಪ್ಪ ಹೇಗ್ ಹಾಕ್ತಿದ್ರು ನೋಡಿಲ್ವಾ?"

"ನೋಡಿದೀನಿ. ನೋಡಿದ್ರೆ ಬರಲ್ಲಮ್ಮ ಅದು," ಎಂದಳು. ನಾನು ಮತ್ತೆ ಸೂರು ನೋಡಿದೆ.

ಮಾರನೆಯ ಬೆಳಿಗ್ಗೆ, ಬಿಸಿಲು ಜಗಲಿಯ ಅರ್ಧಕ್ಕೆ ಬಂದಾಗ, ಬೀರು ತೆರೆದು ಕವರು ತಂದೆ. ಮಗಳು ಒಳಗೆ ಕಾಫಿ ಮಾಡುತ್ತಿದ್ದಳು. ಕತ್ತಿನ ಒಳಗಿಟ್ಟ ರಟ್ಟು, ಗುಂಡುಸೂಜಿಗಳು ಹಾಗೇ ಇದ್ದವು. ಬಿಡಿಸಿ ಅವರ ಕುರ್ಚಿಯ ಬೆನ್ನಿಗೆ ಹಾಕಿ, ಎದುರಿಗೆ ನಿಂತು ನೋಡಿದೆ.

ಬಿಳಿಯಲ್ಲ. ನನ್ನ ಸೀರೆಯ ಬಣ್ಣ. ಇಡೀ ಯಲಹಂಕದ ಅಂಗಡಿಗಳನ್ನು ಸುತ್ತಿ ಅದೇ ರಾಮಾ ಗ್ರೀನ್ ಹುಡುಕಿ ತಂದಿದ್ದರು. ನಮ್ಮ ಜಗಳವನ್ನು ಅಂದು, ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿಗೆ ತೀರಿಸಿಬಿಡಬೇಕೆಂದು.

ನೀಲಿಯಾಗಿತ್ತು. ಸಂಶಯವೇ ಇಲ್ಲ. ಅಷ್ಟು ನೀಲಿಯನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. "ನೀಲಿ ಕಣ್ರೀ," ಎಂದೆ, ಕುರ್ಚಿಗೆ.

ಆಮೇಲೆ ಸುಮ್ಮನೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಪೊರೆಯಿರುವ ಬಲಗಣ್ಣಿನಿಂದ ನೋಡಿದೆ. ಅದೇ ಅಂಗಿ ಹಸಿರಾಯಿತು. ಕೈ ಬದಲಾಯಿಸಿದೆ, ನೀಲಿ. ಮತ್ತೆ ಬದಲಾಯಿಸಿದೆ, ಹಸಿರು. ಕಾಫಿ ತಂದ ಮಗಳು ಬಾಗಿಲಲ್ಲೇ ನಿಂತು, "ಏನ್ ಮಾಡ್ತಿದೀಯಮ್ಮ?" ಎಂದಳು. "ಜಗಳ ಆಡ್ತಿದೀನಿ," ಎಂದೆ. ಅವಳಿಗೂ ಎರಡು ಕಣ್ಣಿನ ವಿಷಯ ಹೇಳಿದೆ. ಲೋಟ ಕೆಳಗಿಟ್ಟು, ನನ್ನ ಪಕ್ಕ ನಿಂತು ಅವಳೂ ಅಂಗಿಯನ್ನು ನೋಡಿದಳು. ಯಾವ ಬಣ್ಣ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಬಲಗಣ್ಣಿಗೂ ದಿನ ಗೊತ್ತಾಗಿದೆ. ಈ ಸಲ ಕಾಯುವುದಿಲ್ಲ. ಅದಾದ ಮೇಲೆ ಆ ಅಂಗಿ ಎರಡು ಕಣ್ಣಿಗೂ ನೀಲಿಯಾಗಿಯೇ ಕಾಣುತ್ತದೆ, ಅವರು ಹೇಳಿದ ಹಾಗೆ. ಅವರನ್ನು ಕಡೆಯ ಸಲ ನೋಡಿದ ಪೊರೆಗಳಲ್ಲಿ ಒಂದು ಆಗಲೇ ಹೋಯಿತು, ಇನ್ನೊಂದೂ ಹೋಗುತ್ತದೆ. ಡ್ರಾಪ್ಸು ಹಾಕಲು ಮಗಳು ರಜೆ ಹಾಕಿ ಬರುತ್ತಾಳೆ. ಅವಳ ಕೈ ಈಗ ಮೊದಲಿನಷ್ಟು ನಡುಗುವುದಿಲ್ಲ. ಎದುರಿಗೆ ನಿಂತು ಬಣ್ಣ ಕೇಳುವವರು ಇಲ್ಲ.